ಹೊರೆಯಾಳುಗಳ ಯುದ್ಧ

ಮೊದಲನೆಯ ಮಹಾಯುದ್ಧ ಎಂದೊಡನೆ ನಮ್ಮ ಮನಸ್ಸು ಫ್ರಾನ್ಸಿನ ಕಡೆಗೆ ಓಡುತ್ತದೆ. ಕೆಸರು ತುಂಬಿದ ಕಂದಕಗಳು, ಮುಳ್ಳುತಂತಿ, ವಿಷಾನಿಲ: ಕಾದಂಬರಿಗಳೂ ಚಲಚ್ಚಿತ್ರಗಳೂ ಕಟ್ಟಿಕೊಟ್ಟ ಚಿತ್ರ ಅದು. ಕನ್ನಡಿಗರಾದರೆ ಇನ್ನೊಂದು ಹೆಸರನ್ನು ಅಭಿಮಾನದಿಂದ ಸೇರಿಸಿಕೊಳ್ಳುತ್ತೇವೆ, 1918ರ ಸೆಪ್ಟೆಂಬರಿನಲ್ಲಿ ಮೈಸೂರು ಲ್ಯಾನ್ಸರ್ಸ್ ದಳ ಕುದುರೆಯೇರಿ ನುಗ್ಗಿದ ಹೈಫಾ. ಆದರೆ ಅದೇ ಯುದ್ಧದ ಮೊದಲ ವರ್ಷದಲ್ಲಿಯೇ ನಮ್ಮ ರಾಜಧಾನಿಯ ಹೆಸರನ್ನು ಹೊತ್ತ ಒಂದು ಪಡೆ ಹಿಂದೂ ಮಹಾಸಾಗರವನ್ನು ದಾಟಿ ಹೋಗಿ ಪೂರ್ವ ಆಫ್ರಿಕದ ಕಡಲತೀರದಲ್ಲಿ ಸೋತು ಹಿಂದಿರುಗಿತೆಂಬುದನ್ನು ನೆನೆಯುವವರು ಕಡಮೆ. ಇಪ್ಪತ್ತೇಳನೆಯ ಬೆಂಗಳೂರು ಬ್ರಿಗೇಡ್ ಎಂಬುದು ಆ ಪಡೆಯ ಹೆಸರು. ಗೆಲುವಿಗೆ ಸ್ಮಾರಕವುಂಟು, ಸೋಲಿಗೆ ಕಡತವುಂಟು. ಆ ಕಡತವನ್ನು ಬಿಚ್ಚುವುದು ಇಂದಿನ ನನ್ನ ಉದ್ದೇಶ. ಬಿಚ್ಚಿದಾಗ ಕಾಣುವುದು ಸಿಪಾಯಿಗಳ ಕಥೆಯೊಂದೇ ಅಲ್ಲ. ಸಿಪಾಯಿಗಳ ಹಿಂದೆ ತಲೆಯ ಮೇಲೆ ಹೊರೆ ಹೊತ್ತು ನಡೆದ ಲಕ್ಷಾಂತರ ಆಫ್ರಿಕನರ ಕಥೆಯೂ ಅಲ್ಲಿದೆ. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಅದೇ.

ಮೊದಲು ನೆಲದ ಪರಿಚಯವಾಗಲಿ. ಇಂದಿನ ಟಾಂಜಾನಿಯದ ಮುಖ್ಯಭೂಮಿ, ರುವಾಂಡ, ಬುರುಂಡಿ, ಇವಿಷ್ಟೂ ಸೇರಿ ಆಗ ಜರ್ಮನ್ ಪೂರ್ವ ಆಫ್ರಿಕವೆನಿಸಿತ್ತು. 1885ರಲ್ಲಿ ಜರ್ಮನ್ ಚಕ್ರಾಧಿಪತ್ಯ ಅದರ ಮೇಲೆ ತನ್ನ ರಕ್ಷಣೆಯ ಹಸ್ತವನ್ನು ಚಾಚಿತು. ರಕ್ಷಣೆ ಎಂಬುದು ಸನ್ನದಿನಲ್ಲಿದ್ದ ಮಾತು. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ, 1905ರಲ್ಲಿ, ಬಲಾತ್ಕಾರದ ಹತ್ತಿ ಬೇಸಾಯಕ್ಕೂ ತೆರಿಗೆಗೂ ರೋಸಿದ ದಕ್ಷಿಣದ ಜನ ದಂಗೆಯೆದ್ದರು. ಮಾಜಿ ಮಾಜಿ ದಂಗೆಯೆಂದು ಅದಕ್ಕೆ ಹೆಸರು. ‘ಮಾಜಿ’ ಎಂದರೆ ಸ್ವಾಹಿಲಿಯಲ್ಲಿ ನೀರು. ಮಂತ್ರಿಸಿದ ನೀರು ಜರ್ಮನರ ಗುಂಡನ್ನು ನೀರಾಗಿಸುತ್ತದೆಂದು ಅವರು ನಂಬಿದ್ದರು. ಗುಂಡು ಗುಂಡಾಗಿಯೇ ಉಳಿಯಿತು. ದಂಗೆಯನ್ನು ಅಡಗಿಸಲು ಬೆಳೆಯನ್ನು ಸುಟ್ಟು ಕ್ಷಾಮವನ್ನೇ ಆಯುಧವಾಗಿ ಬಳಸಲಾಯಿತು. ಸತ್ತವರು ಎಪ್ಪತ್ತೈದು ಸಾವಿರದಿಂದ ಮೂರು ಲಕ್ಷದವರೆಗೆ ಎಂದು ಇತಿಹಾಸಕಾರರು ಬೇರೆಬೇರೆಯಾಗಿ ಅಂದಾಜು ಮಾಡುತ್ತಾರೆ. ಇದು ಮುಗಿದದ್ದು 1907ರಲ್ಲಿ. ಅದಾದ ಏಳೇ ವರ್ಷಕ್ಕೆ ಮಹಾಯುದ್ಧ ಬಂದಿತು.

ಬರಲೇಬೇಕಾಗಿತ್ತೆ? ಆಫ್ರಿಕವನ್ನು ಯೂರೋಪು ಹಂಚಿಕೊಳ್ಳಲು ಕಟ್ಟಳೆ ಹಾಕಿಕೊಂಡ 1884-85ರ ಬರ್ಲಿನ್ ಸಮ್ಮೇಳನದ ಒಪ್ಪಂದದಲ್ಲಿಯೇ ಒಂದು ವಿಧಿಯಿತ್ತು: ಯೂರೋಪಿನಲ್ಲಿ ಯುದ್ಧವಾದರೆ ಮಧ್ಯ ಆಫ್ರಿಕದ ಈ ಪ್ರದೇಶಗಳನ್ನು ತಟಸ್ಥವೆಂದು ಘೋಷಿಸಿ ಯುದ್ಧದಿಂದ ದೂರವಿಡಬಹುದು ಎಂದು. ಅದು ಆಫ್ರಿಕನರ ಮೇಲಿನ ಕರುಣೆಯಿಂದ ಹುಟ್ಟಿದ ವಿಧಿಯೆಂದು ನಾನು ಹೇಳುವುದಿಲ್ಲ. ಬಿಳಿಯರು ಕರಿಯರ ಕಣ್ಣೆದುರಿಗೆ ಒಬ್ಬರನ್ನೊಬ್ಬರು ಕೊಂದರೆ ತಮ್ಮ ಪ್ರತಿಷ್ಠೆಗೆ ಕುಂದು ಎಂಬ ಅಂಜಿಕೆ ಆ ಕಾಲದವರಲ್ಲಿ ಬಲವಾಗಿಯೇ ಇತ್ತು. ಏನೇ ಆಗಲಿ, ವಿಧಿಯಂತೂ ಇತ್ತು. ಜರ್ಮನ್ ಗವರ್ನರ್ ಹೈನ್ರಿಶ್ ಶ್ನೀ ಯುದ್ಧವನ್ನು ಬಯಸಲಿಲ್ಲ. ಗಡಿಯ ಈಚೆಗೆ, ಇಂದಿನ ಕೆನ್ಯದಲ್ಲಿ, ಬ್ರಿಟಿಷ್ ಗವರ್ನರ್ ಹೆನ್ರಿ ಬೆಲ್ಫೀಲ್ಡನೂ ಈ ಯುದ್ಧದಲ್ಲಿ ತನ್ನ ವಸಾಹತಿಗೆ ಆಸಕ್ತಿಯಿಲ್ಲವೆಂಬ ಅರ್ಥದ ಮಾತನ್ನಾಡಿ ತನ್ನವರಿಂದಲೇ ಟೀಕೆಗೊಳಗಾದನು. ದಾರ್ ಎಸ್ ಸಲಾಮ್ ಮತ್ತು ಟಾಂಗಾ ಬಂದರುಗಳ ವಿಷಯದಲ್ಲಿ ಸ್ಥಳೀಯವಾದ ಕದನವಿರಾಮದ ಒಪ್ಪಂದಗಳೂ ಆದುವು. ಆಳುವ ಇಬ್ಬರಿಗೂ ಬೇಡವಾಗಿದ್ದ, ಆಳಿಸಿಕೊಳ್ಳುವವರನ್ನು ಯಾರೂ ಕೇಳದ ಯುದ್ಧವೊಂದು ಅಲ್ಲಿ ಹೇಗೆ ನಡೆಯಿತು?

ಇಬ್ಬರು ಅದಕ್ಕೆ ಕಾರಣರು. ಒಂದು ಲಂಡನ್ನು. ಜರ್ಮನರ ನಿಸ್ತಂತು ಕೇಂದ್ರಗಳನ್ನೂ ಬಂದರುಗಳನ್ನೂ ಕಸಿದುಕೊಂಡರೆ ಸಮುದ್ರದಲ್ಲಿ ಸುತ್ತುತ್ತಿದ್ದ ಅವರ ಯುದ್ಧನೌಕೆಗಳು ದಿಕ್ಕೆಡುತ್ತವೆಂಬುದು ಅಲ್ಲಿನ ಲೆಕ್ಕ. ಲೆಕ್ಕದಲ್ಲಿ ಹುರುಳಿರಲಿಲ್ಲವೆಂದಲ್ಲ, ‘ಕೋನಿಗ್ಸ್‌ಬರ್ಗ್’ ಎಂಬ ಜರ್ಮನ್ ಹಡಗು 1914ರ ಸೆಪ್ಟೆಂಬರಿನಲ್ಲಿ ಜಾಂಜಿಬಾರಿನಲ್ಲಿಯೇ ಒಂದು ಬ್ರಿಟಿಷ್ ನೌಕೆಯನ್ನು ಮುಳುಗಿಸಿತು. ಆದರೆ ಬಂದರನ್ನು ಕಾಯುವುದು ಒಂದು ಮಾತು, ದೇಶವನ್ನೇ ನುಂಗಹೊರಡುವುದು ಇನ್ನೊಂದು. ಎರಡನೆಯ ಕಾರಣ ಪೌಲ್ ಫಾನ್ ಲೆಟ್ಟೋ-ಫೋರ್ಬೆಕ್ ಎಂಬ ಸೇನಾನಿ. ಯುದ್ಧಕ್ಕೆ ಕೆಲವೇ ತಿಂಗಳು ಮುಂಚೆ ದಾರ್ ಎಸ್ ಸಲಾಮಿಗೆ ಬಂದವನು. ಅವನ ಕೈಯಲ್ಲಿದ್ದುದು ಸುಮಾರು ಇನ್ನೂರ ಅರುವತ್ತು ಜರ್ಮನರು, ಎರಡೂವರೆ ಸಾವಿರ ಅಸ್ಕರಿಗಳು. ಅಸ್ಕರಿ ಎಂದರೆ ಆಫ್ರಿಕದ ಸಿಪಾಯಿ. ಅರಬ್ಬಿಯಿಂದ ಸ್ವಾಹಿಲಿಗೆ ಬಂದ ಮಾತು, ನಮ್ಮ ‘ಲಷ್ಕರು’ವಿನ ದಾಯಾದಿ. ಗೆಲ್ಲುವುದು ಅಸಾಧ್ಯವೆಂದು ಲೆಟ್ಟೋನಿಗೆ ತಿಳಿದಿತ್ತು. ಇಲ್ಲಿ ಎಷ್ಟು ದಿನ ಹೋರಾಟವನ್ನು ಎಳೆಯುತ್ತೇನೋ ಅಷ್ಟು ದಿನ ಫ್ರಾನ್ಸಿಗೆ ಹೋಗಬೇಕಾದ ಬ್ರಿಟಿಷ್ ಸೇನೆಯನ್ನು ಇಲ್ಲಿ ಕಟ್ಟಿಹಾಕಿದಂತೆ ಎಂಬುದು ಅವನ ವಾದ. ಈ ವಾದಕ್ಕೆ ಮುಂದೆ ಬರುತ್ತೇನೆ.

ಈಗ ಬೆಂಗಳೂರು ಬ್ರಿಗೇಡಿನ ವಿಷಯ. ಬೆಂಗಳೂರಿನ ‘ದಂಡು’ 1809ರಿಂದ ಇರುವಂಥದು. 1914ರ ಅಕ್ಟೋಬರ್ 16ರಂದು ಮುಂಬಯಿಯಿಂದ ಹೊರಟ ಸುಮಾರು ಎಂಟು ಸಾವಿರ ಜನರ ಪಡೆಯಲ್ಲಿ ದಂಡಿನ ಹೆಸರಿನ ಈ ಬ್ರಿಗೇಡೂ, ಕಾಶ್ಮೀರ, ಗ್ವಾಲಿಯರ್ ಮುಂತಾದ ಸಂಸ್ಥಾನಗಳ ದಳಗಳಿದ್ದ ಇನ್ನೊಂದು ಬ್ರಿಗೇಡೂ ಇದ್ದುವು. ಹೆಸರು ಬೆಂಗಳೂರಿನದಾದರೂ ಒಳಗೆ ಇದ್ದವರು ಬೇರೆಬೇರೆ ಸೀಮೆಗಳವರು: ಅರುವತ್ತಮೂರನೆಯ ಪಾಳಯಂಕೋಟೆ ದಳ, ತೊಂಬತ್ತೆಂಟನೆಯ ಪದಾತಿ, ನೂರೊಂದನೆಯ ಗ್ರೆನೇಡಿಯರ್ಸ್, ಜೊತೆಗೆ ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದ ನಾರ್ತ್ ಲ್ಯಾಂಕಷೈರಿನ ಗೋರಾ ಸಿಪಾಯಿಗಳು. ಅವರಲ್ಲಿ ಎಷ್ಟೋ ಜನ ಒಟ್ಟಿಗೆ ಕವಾಯತು ಮಾಡಿದವರೇ ಅಲ್ಲ. ಕೆಲವು ದಳಗಳಿಗೆ ಹೊಸ ಮಾದರಿಯ ಬಂದೂಕು ಕೈಗೆ ಬಂದದ್ದು ಹಡಗು ಹತ್ತುವ ಹೊತ್ತಿನಲ್ಲಿ. ದಿನಗಟ್ಟಲೆ ಬಂದರಿನಲ್ಲಿ ನಿಂತ ಹಡಗಿನಲ್ಲಿ ಕಾದು, ಆಮೇಲೆ ಎರಡು ವಾರಕ್ಕೂ ಮೀರಿ ಕಡಲಿನ ಮೇಲೆ ತೂರಾಡಿ, ವಾಂತಿ ಮಾಡಿ ಸೊರಗಿದ್ದ ಈ ಜನರನ್ನು ದಣಿವಾರಿಸಿಕೊಳ್ಳಲೂ ಬಿಡದೆ ನೇರವಾಗಿ ಟಾಂಗಾಕ್ಕೆ ಒಯ್ದರು. ದಂಡನಾಯಕ ಮೇಜರ್ ಜನರಲ್ ಆರ್ಥರ್ ಐಟ್ಕೆನ್ ನಾಡಿನ ಪರಿಚಯವಿದ್ದ ಸ್ಥಳೀಯ ಪಡೆಯ ನೆರವನ್ನೂ ಬೇಡವೆಂದನು.

ಟಾಂಗಾದಲ್ಲಿ ನಡೆದದ್ದನ್ನು ಪ್ರಹಸನವೆನ್ನಬಹುದಾಗಿತ್ತು, ಹೆಣಗಳು ಬೀಳದಿದ್ದರೆ. ನವೆಂಬರ್ 2ರಂದು ‘ಫಾಕ್ಸ್’ ಎಂಬ ಯುದ್ಧನೌಕೆಯ ನಾಯಕನು ಬಂದರಿಗೆ ಹೋಗಿ, ಕದನವಿರಾಮ ರದ್ದಾಗಿದೆ, ಒಂದು ಗಂಟೆಯೊಳಗೆ ಊರನ್ನು ಒಪ್ಪಿಸಿ ಎಂದು ಜರ್ಮನ್ ಅಧಿಕಾರಿಗೆ ಧರ್ಮಯುದ್ಧದ ರೀತಿಯಲ್ಲಿ ಸೂಚನೆ ಕೊಟ್ಟನು. ಬಂದರಿನಲ್ಲಿ ಸಿಡಿಗುಂಡುಗಳನ್ನು ಹುದುಗಿಸಿದ್ದೀರೇನು ಎಂದೂ ವಿಚಾರಿಸಿದನು! ಇಲ್ಲದ ಸಿಡಿಗುಂಡುಗಳನ್ನು ಹುಡುಕುವುದರಲ್ಲಿ ಬ್ರಿಟಿಷರಿಗೆ ಹೊತ್ತು ಕಳೆಯಿತು. ಎಚ್ಚೆತ್ತ ಲೆಟ್ಟೋ ಕಿಲಿಮಂಜಾರೋ ಕಡೆಯಿಂದ ರೈಲಿನಲ್ಲಿ ತನ್ನ ತುಕಡಿಗಳನ್ನು ತರಿಸಿಕೊಂಡನು. ಒಟ್ಟು ಸಾವಿರದಷ್ಟು ಮಂದಿ. ನಮ್ಮವರನ್ನು ಇಳಿಸಿದ್ದು ಊರಿನಿಂದಾಚೆ ಗಿಡಗಂಟೆಗಳ ಜೌಗುದಡದಲ್ಲಿ, ರಾತ್ರಿಯಲ್ಲಿ. ಮೂರನೆಯ ತಾರೀಖು ಮುಂದಕ್ಕೆ ಹೋದ ಎರಡು ದಳಗಳು ಹಿಂದಕ್ಕೆ ತಳ್ಳಲ್ಪಟ್ಟುವು. ನಾಲ್ಕರಂದು ಇಡೀ ಸೇನೆ ಮೈಮುಚ್ಚುವ ಪೊದೆಗಳಲ್ಲಿ, ಜೋಳದ ಹೊಲಗಳಲ್ಲಿ, ರಬ್ಬರ್ ತೋಟಗಳಲ್ಲಿ ಪಕ್ಕದವನು ಕಾಣದಂತೆ ನಡೆಯಿತು. ಕಾಶ್ಮೀರದ ದಳವೂ ಲ್ಯಾಂಕಷೈರಿನವರೂ ಪೇಟೆಯ ಬೀದಿಗಳಿಗೇ ನುಗ್ಗಿದರು. ಎಡಭಾಗದಲ್ಲಿ ನೂರೊಂದನೆಯ ದಳ ಗುಂಡಿನ ಮಳೆಗೆ ಸಿಕ್ಕು ನುಚ್ಚುನೂರಾಯಿತು. ಪಾಳಯಂಕೋಟೆಯ ದಳ ಚದುರಿತು. ಆ ಹೊತ್ತಿಗೆ, ಅಲ್ಲಿನ ಜನ ಮರದ ದಿಮ್ಮಿ ಕೊರೆದು ಕೊಂಬೆಗಳಿಗೆ ತೂಗುಹಾಕಿದ್ದ ಜೇನುಗೂಡುಗಳಿಗೆ ಗುಂಡು ತಗುಲಿ, ಕೆರಳಿದ ಜೇನುಗಳು ತೊಂಬತ್ತೆಂಟನೆಯ ದಳದವರ ಮೇಲೆ ಎರಗಿದುವು. ಜರ್ಮನರ ಕಡೆಯವರನ್ನೂ ಅವು ಬಿಡಲಿಲ್ಲ. ಜರ್ಮನರೇ ಜೇನುಗಳನ್ನು ಬಲೆಯಂತೆ ಒಡ್ಡಿದ್ದರೆಂದು ಆಮೇಲೆ ಸುದ್ದಿ ಹಬ್ಬಿತು. ಆ ಕಾಳಗಕ್ಕೆ ಇಂದಿಗೂ ಜೇನಿನ ಕಾಳಗವೆಂಬ ಅಡ್ಡಹೆಸರಿದೆ.

ಸಾವು ನೋವು ಕೂಡಿ ಬ್ರಿಟಿಷ್ ಪಕ್ಷದಲ್ಲಿ ಎಂಟುನೂರಕ್ಕೂ ಮಿಕ್ಕಿ ಮಂದಿ. ಜರ್ಮನ್ ಪಕ್ಷದಲ್ಲಿ ಸತ್ತವರು ಎಪ್ಪತ್ತರಷ್ಟು. ಮರುದಿನ ಸೇನೆ ಹಡಗು ಹತ್ತಿತು. ನೂರಾರು ಬಂದೂಕು, ಹಲವು ಮೆಷಿನ್‌ಗನ್ನು, ಆರು ಲಕ್ಷ ತೋಟಾಗಳನ್ನು ದಡದಲ್ಲಿಯೇ ಬಿಟ್ಟು ಹೊರಟರು. ಲೆಟ್ಟೋ ಮುಂದಿನ ಯುದ್ಧವನ್ನು ನಡೆಸಿದ್ದು ಬಹುಮಟ್ಟಿಗೆ ಈ ಉಡುಗೊರೆಯಿಂದ. ಬ್ರಿಟನ್ನಿನಲ್ಲಿ ಸುದ್ದಿಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರು. ಐಟ್ಕೆನ್ನನ ಪದವಿಯನ್ನು ಇಳಿಸಿದರು.

ಆದರೆ ಕಥೆ ಹೇಳುವವರ ಬಾಯಲ್ಲಿ ಹೆಚ್ಚಾಗಿ ಉಳಿದದ್ದು ಐಟ್ಕೆನ್ನನ ಅವಿವೇಕವಲ್ಲ, ಮದರಾಸಿನ ಸಿಪಾಯಿಯ ಹೇಡಿತನ. ಇದನ್ನು ಕೇಳಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ. ತಿಂಗಳಿಗೆ ಹನ್ನೊಂದು ರೂಪಾಯಿ ಸಂಬಳದ ಆ ಸಿಪಾಯಿಗೆ ಟಾಂಗಾದಲ್ಲಿ ಯಾವ ಹಗೆಯಿತ್ತು? ಜರ್ಮನಿಯನ್ನು ಅವನು ಕಂಡಿರಲಿಲ್ಲ. ಎದುರಿಗಿದ್ದ ಅಸ್ಕರಿಯೂ ಜರ್ಮನಿಯನ್ನು ಕಂಡಿರಲಿಲ್ಲ. ಒಬ್ಬನ ನಾಡನ್ನು ಗೆದ್ದವರ ಪರವಾಗಿ ಅವನು, ಇನ್ನೊಬ್ಬನ ನಾಡನ್ನು ಗೆದ್ದವರ ಪರವಾಗಿ ಇವನು. ಅದರ ಮೇಲೆ, ಲಾರ್ಡ್ ರಾಬರ್ಟ್ಸನ ಕಾಲದಿಂದಲೂ ಉತ್ತರದವರು ಮಾತ್ರವೇ ಯೋಧಕುಲದವರು, ದಕ್ಷಿಣದವರಲ್ಲಿ ಕಸುವಿಲ್ಲ ಎಂಬ ಸಿದ್ಧಾಂತವನ್ನು ಹೇರಿ ಮದರಾಸಿನ ದಳಗಳನ್ನು ಕಡೆಗಣಿಸುತ್ತ ಬಂದಿದ್ದರು. ಕಡೆಗಣಿಸಿದವರನ್ನೇ ಸಿದ್ಧತೆಯಿಲ್ಲದೆ ಕಳುಹಿಸಿ, ಸೋತಾಗ ಸಿದ್ಧಾಂತ ನಿಜವಾಯಿತೆಂದರು. ಅದೇ ದಕ್ಷಿಣದ ಅರುವತ್ತೊಂದನೆಯ ಪಯನಿಯರ್ಸ್ ದಳ ಮುಂದೆ ಆಫ್ರಿಕದಲ್ಲಿ ರಸ್ತೆ ಕಡಿದು, ಸೇತುವೆ ಕಟ್ಟಿ ದುಡಿಯಿತು ಎಂಬುದು ಆ ಕಥೆಗಳಲ್ಲಿ ಬರುವುದಿಲ್ಲ. ಅವರ ಪಾಡು ಹಾಗಿರಲಿ. ಯೋಧಕುಲದವರೆನಿಸಿದವರ ಗತಿಯೂ ಬೇರೆಯಾಗಲಿಲ್ಲ. 1915ರ ಜನವರಿಯಲ್ಲಿ ಗಡಿಯ ಜಾಸಿನ್ ಎಂಬಲ್ಲಿ ಕಾಶ್ಮೀರದವರೂ ಗ್ರೆನೇಡಿಯರ್ಸ್ ದಳದವರೂ ತೋಟಾ ಮುಗಿಯುವವರೆಗೆ ಕಾದಾಡಿ ಶರಣಾದರು. ಕಾಶ್ಮೀರದ ದಳದ ನಾಯಕ ರಘುಬೀರ್ ಸಿಂಗ್ ಅಲ್ಲಿಯೇ ಮಡಿದನು.

ಸಿಪಾಯಿಯ ಬಾಯಿಂದ ಬಾರದ ಈ ಪ್ರಶ್ನೆಯನ್ನು ಅದೇ ತಿಂಗಳಲ್ಲಿ ಆಫ್ರಿಕನನೊಬ್ಬನು ಕಾಗದದ ಮೇಲೆ ಬರೆದನೆಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ನ್ಯಾಸಾಲ್ಯಾಂಡಿನ, ಅಂದರೆ ಇಂದಿನ ಮಲಾವಿಯ, ಜಾನ್ ಚಿಲೆಂಬ್ವೆ ಎಂಬ ಪಾದ್ರಿ ಆತ. ಅಮೆರಿಕದಲ್ಲಿ ಓದಿ ಬಂದು ಊರಿನಲ್ಲಿ ಇಗರ್ಜಿಯನ್ನೂ ಶಾಲೆಗಳನ್ನೂ ಕಟ್ಟಿದವನು. 1914ರ ಸೆಪ್ಟೆಂಬರಿನಲ್ಲಿ ಕರೋಂಗದ ಬಳಿ ನಡೆದ ಕಾಳಗದಲ್ಲಿ ತನ್ನ ನಾಡಿನವರು ಸತ್ತುದನ್ನು ಕಂಡು ಅಲ್ಲಿನ ಪತ್ರಿಕೆಗೆ ನವೆಂಬರಿನಲ್ಲಿ ಒಂದು ಪತ್ರ ಬರೆದನು. ತಾತ್ಪರ್ಯ ಇಷ್ಟು: ಶಾಂತಿಯ ಕಾಲದಲ್ಲಿ ಸವಲತ್ತುಗಳೆಲ್ಲ ಬಿಳಿಯರಿಗೆ, ಯುದ್ಧ ಬಂದಾಗ ಮಾತ್ರ ನಾವೂ ಸಮಾನರು, ಸಾಯುವುದರಲ್ಲಿ. ಧನಿಕರೂ ತೋಟದ ಮಾಲೀಕರೂ ವ್ಯಾಪಾರಿಗಳೂ ಹೋಗಿ ಹೋರಾಡಲಿ. ನಮಗೆ ಸಂಬಂಧವಿಲ್ಲದ ಕಾರಣಕ್ಕೆ ನಮ್ಮ ವಿಧವೆಯರೂ ಅನಾಥರೂ ಏಕೆ ಅಳಬೇಕು? ಸರ್ಕಾರ ಆ ಪತ್ರವನ್ನು ತಡೆಹಿಡಿಯಿತು. 1915ರ ಜನವರಿಯಲ್ಲಿ ಚಿಲೆಂಬ್ವೆ ದಂಗೆಯೆದ್ದನು. ದಂಗೆಯಲ್ಲಿ ಅವನ ಕಡೆಯವರು ತೋಟದ ಮಾಲೀಕನೊಬ್ಬನ ತಲೆ ಕಡಿದರು, ಅದನ್ನು ನಾನು ಮರೆಮಾಚುವುದಿಲ್ಲ. ಕೆಲವೇ ದಿನಗಳಲ್ಲಿ ಎಲ್ಲ ಅಡಗಿತು. ಫೆಬ್ರವರಿ 3ರಂದು ಅವನನ್ನು ಗುಂಡಿಕ್ಕಿ ಕೊಂದರು. ಅವನ ಇಗರ್ಜಿಯನ್ನು ಸಿಡಿಮದ್ದಿಟ್ಟು ಕೆಡವಿದರು. ಆ ಪತ್ರದ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಬರೆಯಲಿಲ್ಲ.

1916ರಲ್ಲಿ ದಕ್ಷಿಣ ಆಫ್ರಿಕದಿಂದ ಜನರಲ್ ಸ್ಮಟ್ಸ್ ಬಂದನು, ನಮ್ಮ ಗಾಂಧೀಜಿಯವರೊಡನೆ ಸೆಣಸಿ ಸಂಧಾನ ಮಾಡಿಕೊಂಡಿದ್ದ ಆ ಸ್ಮಟ್ಸ್. ಅವನು ಬಂದಮೇಲೆ ಯುದ್ಧದ ಸ್ವರೂಪವೇ ಬದಲಾಯಿತು. ಲೆಟ್ಟೋ ನಿಂತು ಕಾದುವುದನ್ನು ಬಿಟ್ಟು ಹಿಂದೆ ಸರಿಯುತ್ತ ಹೋದನು. ಸ್ಮಟ್ಸ್ ಬೆನ್ನಟ್ಟುತ್ತ ಹೋದನು. ನಕ್ಷೆಯ ಮೇಲೆ ನೋಡಿದರೆ ಅದು ಬ್ರಿಟಿಷರ ಮುನ್ನಡೆ. ನೆಲದ ಮೇಲೆ ಅದು ಮಲೇರಿಯ, ಆಮಶಂಕೆ, ಹಸಿವು. ಫೆಬ್ರವರಿಯಲ್ಲಿ 1,135 ಮಂದಿಯಿದ್ದ ಒಂದು ದಕ್ಷಿಣ ಆಫ್ರಿಕ ದಳದಲ್ಲಿ ಅಕ್ಟೋಬರಿನ ಹೊತ್ತಿಗೆ ನೆಟ್ಟಗೆ ನಿಲ್ಲಬಲ್ಲವರು 116 ಮಂದಿ ಉಳಿದರು. ದೊಡ್ಡ ಕಾಳಗವೊಂದನ್ನೂ ಅವರು ಕಂಡಿರಲಿಲ್ಲ. ಕುದುರೆ, ಹೇಸರಗತ್ತೆ, ಎತ್ತುಗಳು ತ್ಸೆತ್ಸೆ ನೊಣದ ಕಡಿತಕ್ಕೆ ಸಾವಿರಾರು ಸಂಖ್ಯೆಯಲ್ಲಿ ಬಿದ್ದುವು. ಮಳೆ ಹಿಡಿದರೆ ಮೋಟಾರು ಲಾರಿಗಳು ಕೆಸರಿನಲ್ಲಿ ಹೂತುವು. ಎತ್ತಿಲ್ಲ, ಲಾರಿಯಿಲ್ಲ, ರೈಲು ಹಿಂದೆ ಉಳಿಯಿತು. ಇನ್ನು ಉಳಿದ ವಾಹನ ಮನುಷ್ಯನ ತಲೆಯೊಂದೇ.

ಕೇಳುಗರು ಇಲ್ಲಿ ನನ್ನೊಡನೆ ಒಂದು ಸಾಮಾನ್ಯವಾದ ಲೆಕ್ಕ ಹಾಕಬೇಕು. ಒಬ್ಬ ಆಳು ಹೊರುವ ಹೊರೆ ಇಪ್ಪತ್ತೈದು ಕಿಲೋ ಎನ್ನೋಣ. ದಿನಕ್ಕೆ ಅವನು ತಿನ್ನುವ ಹಿಟ್ಟು ಒಂದು ಕಿಲೋ. ಹತ್ತು ದಿನದ ದಾರಿ ಹೋಗಿ ಹತ್ತು ದಿನ ಹಿಂದಕ್ಕೆ ಬರುವಷ್ಟರಲ್ಲಿ ಅವನು ಹೊತ್ತದ್ದರಲ್ಲಿ ಇಪ್ಪತ್ತು ಕಿಲೋ ಅವನ ಹೊಟ್ಟೆಗೇ ಬೇಕು. ಸೈನಿಕನಿಗೆ ಮುಟ್ಟುವುದು ಐದು ಕಿಲೋ. ಆ ಐದು ಕಿಲೋ ತಿನ್ನಲು ಮುಂದೆ ಇರುವವರು ಸಾವಿರಾರು. ಅವರಿಗೆ ತೋಟಾ ಬೇಕು, ಔಷಧ ಬೇಕು, ಅಧಿಕಾರಿಗಳಿಗೆ ಮಂಚ ಗುಡಾರಗಳು ಬೇಕು. ದಾರಿ ಉದ್ದವಾದಂತೆ ಆಳುಗಳ ಸಂಖ್ಯೆ ಹೆಚ್ಚಬೇಕು, ಇಲ್ಲವೇ ಆಳುಗಳ ಅನ್ನ ಕಡಿಮೆಯಾಗಬೇಕು. ಎರಡೂ ಆಯಿತು. ಈ ಯುದ್ಧದ ಸಾವಿನ ಬಹುಭಾಗ ಈ ಲೆಕ್ಕದಲ್ಲಿಯೇ ಅಡಗಿದೆ. ಗುಂಡಿನ ಪಾತ್ರ ಅದರಲ್ಲಿ ಸಣ್ಣದು.

ಹೊರೆಯಾಳುಗಳ ಪಡೆಯನ್ನು ಕ್ಯಾರಿಯರ್ ಕೋರ್ ಎಂದು ಕರೆದರು. ಆಸ್ಕರ್ ವಾಟ್ಕಿನ್ಸ್ ಎಂಬ ಅಧಿಕಾರಿ ಅದರ ಮುಖ್ಯಸ್ಥ. ಆಳುಗಳ ಪರವಾಗಿ ಮೇಲಿನವರೊಡನೆ ವಾದಿಸಿದವನೆಂದು ಅವನಿಗೆ ಒಳ್ಳೆಯ ಹೆಸರಿದೆ. ಮೊದಮೊದಲು ಕೂಲಿಯ ಆಸೆಗೆ ಬಂದವರಿದ್ದರು. 1915ರಲ್ಲಿ ಕಾನೂನು ಮಾಡಿ ಒತ್ತಾಯದಿಂದ ಹಿಡಿದು ತರುವುದು ಮೊದಲಾಯಿತು. ಕೂಲಿಯನ್ನು ತಿಂಗಳಿಗೆ ಐದಾರು ರೂಪಾಯಿಗೆ ಇಳಿಸಿದರು. ಹೌದು, ರೂಪಾಯಿಯೇ. ಆಗ ಅಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ನಾಣ್ಯ. ನಮ್ಮ ಸಿಪಾಯಿಗೆ ಹನ್ನೊಂದು. ಅವನ ಹಿಟ್ಟನ್ನು ಹೊತ್ತು ತರುವವನಿಗೆ ಅದರ ಅರ್ಧ. 1917ರಲ್ಲಿ ಜಾನ್ ಐನ್ಸ್‌ವರ್ತ್ ಎಂಬ ಹಿರಿಯ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಹಳ್ಳಿಹಳ್ಳಿಗೂ ಮುಖ್ಯಸ್ಥರ ಮೂಲಕ ಲೆಕ್ಕ ಕಟ್ಟಿ ಜನರನ್ನು ಎಳೆತರಲಾಯಿತು. ನಮ್ಮ ಶಾಸನಗಳಲ್ಲಿ ‘ಬಿಟ್ಟಿ’ ಎಂಬ ಮಾತು ಬರುತ್ತದಲ್ಲ, ಅದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚು ಸಿಗಲಾರದು.

ಮಲೆನಾಡಿನ ತಣ್ಣನೆಯ ಗುಡ್ಡಗಳಿಂದ ಬಂದವರಿಗೆ ಕರಾವಳಿಯ ಜ್ವರ. ಕರಾವಳಿಯವರಿಗೆ ಎತ್ತರದ ನಾಡಿನ ಚಳಿ. ಅಕ್ಕಿಯೋ ಬಾಳೆಯೋ ಉಣ್ಣುವ ಜನಕ್ಕೆ ಮುಸುಕಿನ ಜೋಳದ ಒರಟು ಹಿಟ್ಟು. ಅದು ಚೆನ್ನಾಗಿ ಬೇಯಬೇಕು. ದಿನವಿಡೀ ನಡೆದು ಬಂದವನಿಗೆ ಸೌದೆಯೂ ಇಲ್ಲ, ಹೊತ್ತೂ ಇಲ್ಲ, ಪಾತ್ರೆಯೂ ಸಾಲದು; ಅರೆಬೆಂದ ಹಿಟ್ಟು ಕರುಳನ್ನು ಕೆರೆಯಿತು. ಆಮಶಂಕೆಯಿಂದ ಸತ್ತವರೇ ಗುಂಡಿನಿಂದ ಸತ್ತವರಿಗಿಂತ ಎಷ್ಟೋ ಪಾಲು ಹೆಚ್ಚು. ಅನ್ನವನ್ನು ಹೊತ್ತು ನಡೆಯುವವನು ಅನ್ನ ದಕ್ಕದೆ ಸಾಯುವುದಕ್ಕೆ ಯಾವ ಶತ್ರುವೂ ಬೇಕಾಗಲಿಲ್ಲ.

ಒಟ್ಟು ಬ್ರಿಟಿಷರ ಪಕ್ಷದಲ್ಲಿ ಹೊರೆ ಹೊತ್ತವರು ಹತ್ತು ಲಕ್ಷದಷ್ಟು. ಅವರಲ್ಲಿ ಸತ್ತವರು ಸುಮಾರು ತೊಂಬತ್ತೈದು ಸಾವಿರವೆಂದು ಸಾಮಾನ್ಯವಾಗಿ ಕೊಡುವ ಲೆಕ್ಕ. ನಿಜವಾದ ಸಂಖ್ಯೆ ಅದಕ್ಕಿಂತ ಹೆಚ್ಚೆಂದು ಇತಿಹಾಸಕಾರರು ಭಾವಿಸುತ್ತಾರೆ. ಇಂದಿನ ಕೆನ್ಯದಿಂದ ಹೋದವರಲ್ಲಿಯೇ ನಲವತ್ತೈದು ಸಾವಿರ ಮಂದಿ, ಅಂದರೆ ಆ ನಾಡಿನ ವಯಸ್ಕ ಗಂಡಸರಲ್ಲಿ ಎಂಟಕ್ಕೊಬ್ಬರಂತೆ, ಹಿಂದಿರುಗಲಿಲ್ಲವೆಂದು ಎಡ್ವರ್ಡ್ ಪೇಸ್ ಎಂಬ ಇತಿಹಾಸಕಾರನು ಲೆಕ್ಕ ಹಾಕಿದ್ದಾನೆ. ಆ ಪಕ್ಷದ ಸೈನಿಕರಲ್ಲಿ ಸತ್ತವರು ಹತ್ತು ಸಾವಿರದ ಆಚೆ ಈಚೆ. ಯುದ್ಧದ ಖರ್ಚು ಏಳು ಕೋಟಿ ಪೌಂಡುಗಳಷ್ಟು. ಇಷ್ಟಾದರೂ ಇದು ಹಗರಣವೆನಿಸಲಿಲ್ಲ. ಏಕೆಂದರೆ ನರಳಿದವರು ಕರಿಯ ಹೊರೆಯಾಳುಗಳು, ಅವರನ್ನು ಕೇಳುವವರಾರು ಎಂದು ಲಂಡನ್ನಿನ ವಸಾಹತು ಕಚೇರಿಯ ಒಬ್ಬ ಅಧಿಕಾರಿಯೇ ಕಡತದಲ್ಲಿ ಬರೆದಿಟ್ಟಿದ್ದಾನೆ. ಆತ ನಿಷ್ಠುರವಾಗಿ ಬರೆದನೋ ನಾಚಿಕೆಯಿಂದ ಬರೆದನೋ, ಬರೆದದ್ದು ನಿಜ.

ಜರ್ಮನರ ಕಡೆಯದು ಇದಕ್ಕಿಂತ ಮಂಕಾದ ಚಿತ್ರ. ಲೆಟ್ಟೋ-ಫೋರ್ಬೆಕ್ಕನನ್ನು ಸೋಲರಿಯದ ವೀರನೆಂದು, ಸಜ್ಜನ ಗೆರಿಲ್ಲಾ ನಾಯಕನೆಂದು ಹೊಗಳಿದ ಪುಸ್ತಕಗಳು ಬಹಳ. ಶತ್ರುಗಳಾದ ಇಂಗ್ಲಿಷರೇ ಹೊಗಳಿದ್ದಾರೆ. ನನಗೆ ಆ ಹೊಗಳಿಕೆ ರುಚಿಸುವುದಿಲ್ಲ. ಅವನ ಸೇನೆ ಬದುಕಿದ್ದು ಹಳ್ಳಿಗರ ಕಣಜದಿಂದ. ಬೇಕಾದ ಕಾಳನ್ನು ಕಿತ್ತುಕೊಂಡರು, ಬೇಕಾದ ಗಂಡಸರನ್ನು ಹಿಡಿದು ಹೊರೆ ಹೊರಿಸಿದರು, ಉಳಿದದ್ದು ಬೆನ್ನಟ್ಟುವವರಿಗೆ ಸಿಗದಂತೆ ಹಾಳುಮಾಡಿದರು. ಕೂಲಿಯ ಮಾತಿರಲಿ, ಆ ಆಳುಗಳ ಹೆಸರಿನ ಪಟ್ಟಿಯನ್ನೂ ಅವರು ಇಡಲಿಲ್ಲ. ಆ ಸೇನೆಯೊಡನೆ ನಡೆದ ಲುಡ್ವಿಗ್ ಡೆಪ್ಪೆ ಎಂಬ ವೈದ್ಯನು, ತಾವು ಹಾದುಬಂದ ದಾರಿಯಲ್ಲಿ ಸೂರೆಯಾದ ಹೊಲಗಳೂ ಬರಲಿರುವ ಬರಗಾಲವೂ ಉಳಿದುವು, ತಾವು ಇನ್ನು ನಾಗರಿಕತೆಯ ದೂತರಲ್ಲ ಎಂಬರ್ಥದಲ್ಲಿ ಬರೆದುಕೊಂಡಿದ್ದಾನೆ. ಬರಗಾಲ ಬಂದೇ ಬಂದಿತು. ಇಂದಿನ ಡೋಡೋಮದ ಸುತ್ತಲಿನ ಉಗೋಗೋ ನಾಡಿನಲ್ಲಿ ಮೊದಲು ಜರ್ಮನರು, ಆಮೇಲೆ ಬ್ರಿಟಿಷರು ದನಕರುಗಳನ್ನೂ ಕಾಳನ್ನೂ ಗಂಡಸರನ್ನೂ ಒಯ್ದಮೇಲೆ, ಮಳೆಯೂ ಕೈಕೊಟ್ಟು, 1917ರಿಂದ ಮೂರು ವರ್ಷ ಕಾಡಿದ ಕ್ಷಾಮದಲ್ಲಿ ಸುಮಾರು ಮೂವತ್ತು ಸಾವಿರ ಜನ ಸತ್ತರೆಂದು ಅಂದಾಜು. ಆ ನಾಡಿಗೆ ಬರ ಹೊಸದಲ್ಲ. ಆದರೆ ಬರಕ್ಕೆಂದು ಕೂಡಿಟ್ಟಿದ್ದ ಕಾಳೂ, ಮಾರಿ ಬದುಕಲು ಇದ್ದ ದನವೂ, ಉಳಲು ಇದ್ದ ಗಂಡಸೂ ಒಟ್ಟಿಗೆ ಇಲ್ಲವಾದದ್ದು ಹೊಸತು.

ಕಟ್ಟಿಹಾಕುವ ವಾದಕ್ಕೆ ಬರುತ್ತೇನೆಂದು ಹೇಳಿದ್ದೆ. ಲೆಟ್ಟೋ ಕಟ್ಟಿಹಾಕಿದ್ದು ಯಾರನ್ನು? ಭಾರತೀಯರನ್ನು, ದಕ್ಷಿಣ ಆಫ್ರಿಕದವರನ್ನು, ನೈಜೀರಿಯ ಮತ್ತು ಗೋಲ್ಡ್ ಕೋಸ್ಟಿನ ಕಪ್ಪು ದಳಗಳನ್ನು, ಕೊನೆಕೊನೆಗೆ ಹೆಚ್ಚಾಗಿ ಪೂರ್ವ ಆಫ್ರಿಕದವರನ್ನೇ. ಇವರಲ್ಲಿ ಬಹುಮಂದಿಯನ್ನು ಬ್ರಿಟನ್ನು ಫ್ರಾನ್ಸಿನ ಕಂದಕಗಳಿಗೆ ಕಳುಹಿಸುತ್ತಿರಲೇ ಇಲ್ಲ. ಕಪ್ಪು ಆಫ್ರಿಕನರ ಕೈಗೆ ಯೂರೋಪಿನಲ್ಲಿ ಬಂದೂಕು ಕೊಡಲು ಅದು ಒಪ್ಪಿರಲಿಲ್ಲ. ಹಾಗಾದರೆ ಆ ಮಹಾತಂತ್ರ ಯೂರೋಪಿನ ಯುದ್ಧದ ಗತಿಯನ್ನು ಒಂದು ದಿನವಾದರೂ ಬದಲಿಸಿತೆಂದು ನಂಬುವುದು ಕಷ್ಟ. ಆಫ್ರಿಕದ ಗತಿಯನ್ನು ಬದಲಿಸಿತು, ಅದು ಬೇರೆ. ಇದೇ ಲೆಟ್ಟೋ 1904ರಲ್ಲಿ ನೈರುತ್ಯ ಆಫ್ರಿಕದಲ್ಲಿ ಹೆರೆರೋ ಜನರನ್ನು ನಿರ್ನಾಮಗೊಳಿಸಹೊರಟ ಫಾನ್ ಟ್ರೋಥಾನ ಸಿಬ್ಬಂದಿಯಲ್ಲಿದ್ದವನು. ಯುದ್ಧದ ನಂತರ 1920ರಲ್ಲಿ ತನ್ನ ದೇಶದ ಗಣರಾಜ್ಯದ ವಿರುದ್ಧ ನಡೆದ ಕಾಪ್ ಪಿತೂರಿಯಲ್ಲಿ ಕೈಜೋಡಿಸಿದವನು. ಇದನ್ನೂ ಸೇರಿಸಿ ಓದದೆ ಆ ಸಜ್ಜನಿಕೆಯನ್ನು ಅಳೆಯುವುದು ಸರಿಯಲ್ಲ.

ಯೂರೋಪಿನಲ್ಲಿ 1918ರ ನವೆಂಬರ್ 11ರಂದು ಗುಂಡು ನಿಂತಿತು. ಆ ಸುದ್ದಿ ಉತ್ತರ ರೊಡೇಷಿಯದ ಕಾಡಿನಲ್ಲಿದ್ದ ಲೆಟ್ಟೋನಿಗೆ ಮುಟ್ಟಲು ಎರಡು ಮೂರು ದಿನ ಬೇಕಾಯಿತು. ನವೆಂಬರ್ 25ರಂದು ಅಬರ್‌ಕಾರ್ನ್ ಎಂಬಲ್ಲಿ, ಈಗಿನ ಜಾಂಬಿಯದ ಎಂಬಾಲದಲ್ಲಿ, ಆತ ಶಸ್ತ್ರವೊಪ್ಪಿಸಿದನು. ಉಳಿದಿದ್ದವರು 155 ಮಂದಿ ಯೂರೋಪಿಯನರು, 1,168 ಮಂದಿ ಅಸ್ಕರಿಗಳು, ಅವರ ಹೊರೆಯಾಳುಗಳು. ಅಷ್ಟರಲ್ಲಿ ಇನ್‌ಫ್ಲುಯೆಂಜಾ ಬಂದಿತ್ತು. ಮನೆಗೆ ಮರಳುವ ಆಳುಗಳ ಹಾದಿಗಳನ್ನೇ ಹಿಡಿದು ಅದು ಹಳ್ಳಿಗಳನ್ನು ಹೊಕ್ಕಿತು.

ಲಾಭವೇನಾಯಿತೆಂದು ಕೇಳಬೇಕು. ನಾಡಿನ ಬಹುಭಾಗ ಟಾಂಗನಿಕ ಎಂಬ ಹೆಸರಿನಿಂದ ಬ್ರಿಟನ್ನಿನ ಆಡಳಿತಕ್ಕೆ ಬಂದಿತು. ರುವಾಂಡ, ಬುರುಂಡಿಗಳನ್ನು ಬೆಲ್ಜಿಯಂ ಪಡೆಯಿತು. ದಕ್ಷಿಣದ ಒಂದು ಸಣ್ಣ ತ್ರಿಕೋನ ಪೋರ್ಚುಗಲ್ಲಿಗೆ. ಈ ಹಂಚಿಕೆಯಲ್ಲಿ ನಮಗೂ ಒಂದು ತುತ್ತು ಬೇಕೆಂದವರು ಭಾರತದಲ್ಲಿದ್ದರೆಂಬುದನ್ನು ಮುಚ್ಚಿಡಬಾರದು. ಭಾರತೀಯರು ನೆತ್ತರು ಸುರಿಸಿದ್ದಾರೆ, ಆದ್ದರಿಂದ ಜರ್ಮನ್ ಪೂರ್ವ ಆಫ್ರಿಕವನ್ನು ಭಾರತೀಯರ ನೆಲಸಿಕೆಗೆಂದು ಮೀಸಲಿಡಬೇಕೆಂದು ಆಗಾ ಖಾನರು 1918ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಸ್ವತಃ ಸ್ವರಾಜ್ಯವನ್ನು ಬೇಡುತ್ತಿದ್ದ ನಾಡಿನಲ್ಲಿ ಇನ್ನೊಬ್ಬರ ನಾಡನ್ನು ಬಹುಮಾನವಾಗಿ ಕೇಳುವ ಯೋಚನೆ ಮೂಡಿತು. ಅದು ಕೈಗೂಡಲಿಲ್ಲ, ಕೈಗೂಡದಿದ್ದುದು ನಮ್ಮ ಪುಣ್ಯ. ಅತ್ತ ಕೆನ್ಯದಲ್ಲಿ ಯುದ್ಧದಿಂದ ಮರಳಿದ ಬಿಳಿಯ ಯೋಧರಿಗೆಂದು 1919ರಲ್ಲಿ ಭೂಮಿ ಹಂಚುವ ಯೋಜನೆ ಬಂದಿತು. ಅದಕ್ಕಾಗಿ ನಾಂದಿ ಜನರ ನೆಲವನ್ನೂ ಕಿತ್ತುಕೊಂಡರು. ಮರಳಿದ ಹೊರೆಯಾಳುವಿಗೆ ಭೂಮಿ ಬರಲಿಲ್ಲ. ಬಂದದ್ದು ‘ಕಿಪಾಂಡೆ’: ಬೆರಳಚ್ಚು ಒತ್ತಿದ ಗುರುತಿನ ಚೀಟಿ, ಅದನ್ನು ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ತಿರುಗಬೇಕು.

ಸ್ಮರಣೆಯ ವಿಷಯಕ್ಕೆ ಬಂದರೆ, 1927ರಲ್ಲಿ ನೈರೋಬಿ, ಮೊಂಬಾಸ, ದಾರ್ ಎಸ್ ಸಲಾಮ್‌ಗಳಲ್ಲಿ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದರು. ಹೊರೆಯಾಳುಗಳನ್ನು ಸೇನೆಯ ಕೈಕಾಲುಗಳೆಂದು ಅಲ್ಲಿ ಕೊಂಡಾಡಿದೆ. ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುವ ಆಯೋಗಕ್ಕೆ ಸತ್ತವರೆಲ್ಲರೂ ಸಮಾನರು, ಪ್ರತಿಯೊಬ್ಬನಿಗೂ ಹೆಸರು ಎಂಬುದು ಮೂಲತತ್ತ್ವವಾಗಿತ್ತು. ಅದೇ ಆಯೋಗ 2021ರಲ್ಲಿ ಒಂದು ವರದಿ ಪ್ರಕಟಿಸಿ, ಆ ಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಮಂದಿಯ, ಪ್ರಾಯಶಃ 3,50,000 ಮಂದಿಯವರೆಗೂ, ಹೆಸರನ್ನು ಎಲ್ಲಿಯೂ ಕೆತ್ತಿಲ್ಲ ಅಥವಾ ಅವರಿಗೆ ಸ್ಮಾರಕವೇ ಇಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೋರಿತು. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕ, ಈಜಿಪ್ಟುಗಳವರು. ಮರುವರ್ಷ ಲಂಡನ್ನಿನ ಟ್ರಫಾಲ್ಗರ್ ಚೌಕದ ಖಾಲಿ ಪೀಠವೊಂದರ ಮೇಲೆ ಮಲಾವಿಯ ಶಿಲ್ಪಿ ಸ್ಯಾಮ್ಸನ್ ಕಂಬಾಲು ನಿರ್ಮಿಸಿದ ಚಿಲೆಂಬ್ವೆಯ ಪ್ರತಿಮೆಯನ್ನು ಇಟ್ಟರು, ಎರಡು ವರ್ಷಗಳ ಮಟ್ಟಿಗೆ.

ಆದರೆ ಜನ ತಾವಾಗಿ ಕಟ್ಟಿಕೊಂಡ ಸ್ಮಾರಕ ಬೇರೆ ಇದೆ, ಅದು ಭಾಷೆಯಲ್ಲಿದೆ. ದಾರ್ ಎಸ್ ಸಲಾಮಿನ ಅತಿ ದೊಡ್ಡ ಮಾರುಕಟ್ಟೆಯಿರುವ ಪೇಟೆಗೆ ಕರಿಯಾಕೂ ಎಂದು ಹೆಸರು. ನೈರೋಬಿಯಲ್ಲಿ ಅದೇ ಕರಿಯಾಕೋರ್. ಕ್ಯಾರಿಯರ್ ಕೋರಿನ ಆಳುಗಳನ್ನು ಇರಿಸಿದ್ದ ಬಿಡಾರದ ಜಾಗಗಳು ಅವು. ನಮ್ಮ ಜನ ‘ದಂಡು’ ಎಂದು ಊರಿನ ಒಂದು ಭಾಗವನ್ನು ಕರೆದಂತೆ ಅವರೂ ಕರೆದರು, ಇಂಗ್ಲಿಷನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು. ಅಲ್ಲಿ ತರಕಾರಿ, ಬಟ್ಟೆ ಕೊಳ್ಳುವವರಲ್ಲಿ ಎಷ್ಟು ಮಂದಿ ಅದರ ಮೂಲವನ್ನು ನೆನೆಯುತ್ತಾರೋ!

ಇನ್ನೊಂದು ಸಂಗತಿಯಿದೆ. 1964ರಲ್ಲಿ, ಲೆಟ್ಟೋ ಸತ್ತ ವರ್ಷವೇ, ಪಶ್ಚಿಮ ಜರ್ಮನಿಯ ಸಂಸತ್ತು ಬದುಕುಳಿದ ಹಳೆಯ ಅಸ್ಕರಿಗಳಿಗೆ ಬಾಕಿ ಹಣ ಕೊಡಲು ತೀರ್ಮಾನಿಸಿತು. ವಿಕ್ಟೋರಿಯಾ ಸರೋವರದ ದಡದ ಮ್ವಾನ್ಜಾದಲ್ಲಿ ಮುನ್ನೂರೈವತ್ತು ಮಂದಿ ಮುದುಕರು ಬಂದು ನಿಂತರಂತೆ. ಕಾಗದಪತ್ರವಿಲ್ಲದವರ ಕೈಗೆ ಒಂದು ಪೊರಕೆ ಕೊಟ್ಟು ಜರ್ಮನ್ ಭಾಷೆಯಲ್ಲಿ ಕವಾಯತಿನ ಆಜ್ಞೆಗಳನ್ನು ಕೂಗಿದರಂತೆ; ಒಬ್ಬನೂ ತಪ್ಪಲಿಲ್ಲವಂತೆ. ಹೊರೆ ಹೊತ್ತವರಿಗೆ ಅಂಥ ಪರೀಕ್ಷೆ ಇಡಲು ಸಾಧ್ಯವಿರಲಿಲ್ಲ, ಹೊರುವುದಕ್ಕೆ ಆಜ್ಞೆಯ ಭಾಷೆಯೇ ಇಲ್ಲವಷ್ಟೆ. ಬ್ರಿಟಿಷರ ಕಡೆ ಸತ್ತ ಆಳುಗಳಿಗೆ ಸಲ್ಲಬೇಕಾಗಿದ್ದ ಕೂಲಿಯ ಬಹುಭಾಗವನ್ನು ಪಡೆಯಲು ವಾರಸುದಾರರು ಬರಲಿಲ್ಲ. ಹಳ್ಳಿಯ ಹೆಸರು ತಪ್ಪಾಗಿ ಬರೆದದ್ದು, ಹೆಸರೇ ಬರೆಯದೆ ಇದ್ದದ್ದು, ಸತ್ತ ಸುದ್ದಿಯೇ ಮನೆಗೆ ಮುಟ್ಟದೆ ಇದ್ದದ್ದು, ಹೀಗೆ. ಆ ಹಣವನ್ನು ಆಫ್ರಿಕನರ ಹಿತಕ್ಕಾಗಿ ಬಳಸಬೇಕೆಂದು ಪೂರ್ವ ಆಫ್ರಿಕದಿಂದ ಲಂಡನ್ನಿಗೆ ವರ್ಷಗಟ್ಟಲೆ ಕಾಗದಗಳು ಹೋದುವು. ಲಂಡನ್ನು ಒಪ್ಪಲಿಲ್ಲ, ತಿಂಗಳಿಗೆ ಐದಾರು ರೂಪಾಯಿಯಂತೆ ಲೆಕ್ಕ ಹಾಕಿದ ಆ ಕೂಲಿ ಅಲ್ಲಿಯ ಖಜಾನೆಯಲ್ಲಿಯೇ ಉಳಿಯಿತು.